ಕಿಟ್ ಬಿಯರ್ ಕೆಟ್ಟಿತು ಅನ್ನುವ ಮುಂಚೆ ಅಳೆದು ನೋಡಿ

ಬೆಳಗಾವಿ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಅಂಥ ಒಂದು ಕಾರ್ಖಾನೆಯ ಡಿಸ್ಟಿಲರಿ ಲ್ಯಾಬಿನಲ್ಲಿ ನನ್ನ ಕೆಲಸ. ಕಾಕಂಬಿಗೆ ಈಸ್ಟ್ ಹಾಕುವುದು, ಅದು ಸಕ್ಕರೆಯನ್ನೆಲ್ಲ ತಿಂದು ಮುಗಿಸಿತಾ ಅಂತ ನೋಡುತ್ತಾ ಕೂರುವುದು. ಈಸ್ಟ್ ಗೊತ್ತಿರುವ ಮನುಷ್ಯ ಅನ್ನುವ ಒಂದೇ ಕಾರಣಕ್ಕೆ, ಹೊರದೇಶಕ್ಕೆ ಹೋದ ನಮ್ಮ ಕಡೆಯ ಹುಡುಗರು ಮನೆಯಲ್ಲೇ ಬಿಯರ್ ಮಾಡುವ ಕಿಟ್ ಕೈಕೊಟ್ಟಾಗಲೆಲ್ಲ ನನಗೇ ಫೋನ್ ಹಚ್ಚುತ್ತಾರೆ. ಗೋಕಾಕದವನು ಪರ್ತ್‌ನಲ್ಲಿದ್ದಾನೆ, ಜಮಖಂಡಿಯವಳು ಲೀಡ್ಸ್‌ನಲ್ಲಿ, ಸಿಂದಗಿಯವನು ಆಕ್ಲೆಂಡ್‌ನಲ್ಲಿ. ಅಲ್ಲಿ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಡಬ್ಬಿ ಅಂಗಡಿಯಲ್ಲೇ ಸಿಗುತ್ತದೆ. ಸುಮಾರು 1.7 ಕಿಲೋ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಪಾಕ, ಹಾಪ್ಸ್ ಅನ್ನುವ ಹೂವಿನ ಕಹಿ ಮೊದಲೇ ಸೇರಿರುತ್ತದೆ, ಮುಚ್ಚಳದ ಕೆಳಗೆ ಈಸ್ಟ್ ಪೊಟ್ಟಣ. ಮುಚ್ಚಳದ ಡ್ರಮ್ಮಿನಲ್ಲಿ ಒಂದು ಕಿಲೋ ಸಕ್ಕರೆ ಸೇರಿಸಿ, ನೀರು ಬೆರೆಸಿ 23 ಲೀಟರ್ ಮಾಡಿದರೆ ಕೆಲಸ ಶುರು.

ಇಲ್ಲಿ ಕೂತು ಓದುವವರಿಗೆ ಒಂದು ಮಾತು. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಬ್ರಿಟನ್ನಿನಲ್ಲಿ ಸ್ವಂತಕ್ಕೆ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಕಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲೂ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಈ ಕೈಪಿಡಿ ಅಂಥ ಕಡೆ ಇರುವವರಿಗೆ.

ಬಹಳ ಸಲ ಫೋನ್ ಬರುವ ಹೊತ್ತಿಗೆ ಹುಡುಗರು ಡ್ರಮ್ಮಿಗೆ ಏನಾದರೂ ಒಂದು ಸುರಿದುಬಿಟ್ಟಿರುತ್ತಾರೆ. ಗುಳ್ಳೆ ಬರಲಿಲ್ಲ ಅಂತ ಇನ್ನೊಂದು ಪೊಟ್ಟಣ ಈಸ್ಟ್, ರುಚಿ ಸಪ್ಪೆ ಅಂತ ಅರ್ಧ ಕಿಲೋ ಸಕ್ಕರೆ. ಆಮೇಲೆ ಮೊದಲು ಏನು ಕೆಟ್ಟಿತ್ತು ಅಂತ ಕಂಡುಹಿಡಿಯುವುದೇ ಕಷ್ಟ. ಹಾಗಾಗಿ ನನ್ನದು ಒಂದೇ ಹಟ: ಅಳೆಯದೆ ಏನೂ ಹಾಕಬೇಡಿ. ಹೈಡ್ರೋಮೀಟರ್ (ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕೊಳವೆ), ಥರ್ಮಾಮೀಟರ್ ಇಲ್ಲದಿದ್ದರೆ ಮೊದಲು ಅವನ್ನು ಕೊಂಡು ಬನ್ನಿ, ಆಮೇಲೆ ಮಾತಾಡೋಣ.

ಕೇಳುವ ಮುಂಚೆ

ಡಬ್ಬಿಯ ಮೇಲಿನ ತಾರೀಖು, ಯಾವ ಸಕ್ಕರೆ ಎಷ್ಟು ಹಾಕಿದ್ದು, ಒಟ್ಟು ಎಷ್ಟು ಲೀಟರ್, ಈಸ್ಟ್ ಹಾಕುವಾಗ ಡ್ರಮ್ಮಿನೊಳಗೆ ಎಷ್ಟು ಡಿಗ್ರಿ ಇತ್ತು, ಮೊದಲ ದಿನ ಹೈಡ್ರೋಮೀಟರ್ ಎಷ್ಟು ತೋರಿಸಿತು, ಇವತ್ತು ಎಷ್ಟು. ಇಷ್ಟು ಕೈಯಲ್ಲಿದ್ದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಡ್ರಮ್ಮಿನ ಫೋಟೊ ಕಳಿಸಿ "ಇದು ಸರಿ ಇದೆಯಾ" ಅಂದರೆ ನಾನು ಏನು ಹೇಳಲಿ?

"ಕಾಕಾ, ಗುಳ್ಳೀನ ಬರವಲ್ವು"

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದೇ. ಏರ್‌ಲಾಕ್ ಸುಮ್ಮನೆ ಕೂತಿದೆ, ಬಿಯರ್ ಸತ್ತೇ ಹೋಯಿತು ಅನ್ನುವ ಗಾಬರಿ.

ಏರ್‌ಲಾಕ್ ಅಳತೆಯ ಸಾಧನ ಅಲ್ಲ. ಒಳಗಿನ ಗ್ಯಾಸ್ ಹೊರಗೆ ಹೋಗಲಿ, ಹೊರಗಿನ ನೊಣ-ಗಾಳಿ ಒಳಗೆ ಬರದಿರಲಿ ಅಂತ ಇಟ್ಟ ದಾರಿ ಅಷ್ಟೇ. ಮುಚ್ಚಳದ ರಬ್ಬರ್ ರಿಂಗ್ ಒಂದು ಕಡೆ ಮಡಚಿಕೊಂಡಿದ್ದರೂ ಸಾಕು, ಗ್ಯಾಸ್ ಅಲ್ಲಿಂದಲೇ ಜಾರಿ ಹೋಗುತ್ತದೆ. ಮುಚ್ಚಳದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ. ಏರ್‌ಲಾಕಿನ ನೀರು ಒಂದು ಕಡೆ ಏರಿ ಅಲ್ಲೇ ನಿಂತರೆ ಮುಚ್ಚಳ ಬಿಗಿಯಾಗಿದೆ. ಏರಿದ್ದು ಒತ್ತಿ ಹಿಡಿದಿರುವಾಗಲೇ ಇಳಿದುಬಿಟ್ಟರೆ ಎಲ್ಲೋ ಸೋರುತ್ತಿದೆ. ಸೋರುವ ಡ್ರಮ್ಮಿನಲ್ಲೂ ಬಿಯರ್ ಚೆನ್ನಾಗೇ ಆಗುತ್ತದೆ.

ಆಮೇಲೆ ಟಾರ್ಚ್ ಹಿಡಿದು ಡ್ರಮ್ಮಿನ ಗೋಡೆ ನೋಡಿ. ದ್ರವದ ಮಟ್ಟಕ್ಕಿಂತ ಮೇಲೆ ಕಂದು ಬಣ್ಣದ ಅಂಟು ಪಟ್ಟಿ ಸುತ್ತಲೂ ಕಂಡರೆ, ನೊರೆ ಎದ್ದು ಇಳಿದಿದೆ ಅಂತ ಅರ್ಥ. ನೀವು ನಿದ್ದೆ ಮಾಡುವಾಗ ಈಸ್ಟ್ ಕೆಲಸ ಮಾಡಿದೆ. ಬೆಚ್ಚಗಿನ ದಿನಗಳಲ್ಲಿ ಜೋರು ಹುದುಗುವಿಕೆ ಎರಡು ದಿನದಲ್ಲೇ ಮುಗಿದುಹೋಗುವುದುಂಟು.

ಪಟ್ಟಿಯೂ ಇಲ್ಲ, ನೊರೆಯೂ ಇಲ್ಲ ಅಂದರೆ ಗಡಿಯಾರ ನೋಡಿ. 24 ಗಂಟೆ ಆಗದಿದ್ದರೆ ಸುಮ್ನೆ ಇರಿ. 48 ಗಂಟೆ ಆದರೂ ಹೈಡ್ರೋಮೀಟರ್ ಒಂದು ಗೆರೆಯೂ ಇಳಿದಿಲ್ಲ ಅಂದಾಗ ಮಾತ್ರ ಈಸ್ಟ್ ಮೇಲೆ ಅನುಮಾನ ಪಡಿ. ಅದು ಹಳೆಯದಾಗಿರಬೇಕು, ಇಲ್ಲವೇ ಬಿಸಿಗೆ ಸತ್ತಿರಬೇಕು.

ಬಿಸಿಯ ಲೆಕ್ಕ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಗೋಕಾಕದ ಹುಡುಗನಿಗೆ ಆದದ್ದು ಇದೇ. ಪಾಕ ಕರಗಿಸಲು ಅವನು ಮೂರು ಲೀಟರ್ ಕುದಿಯುವ ನೀರು ಹಾಕಿದ. 95 ಡಿಗ್ರಿ ಅಂತ ಇಟ್ಟುಕೊಳ್ಳಿ. ಮೇಲೆ ನಲ್ಲಿ ನೀರು ಸೇರಿಸಿ 23 ಲೀಟರ್ ಮಾಡಿದ. ಜನವರಿಯ ಪರ್ತ್ ಅಂದರೆ ಕಡು ಬೇಸಿಗೆ, ನಲ್ಲಿ ನೀರೇ 25 ಡಿಗ್ರಿ ಇತ್ತು. ಕೂಡಿ ಭಾಗಿಸಿ ನೋಡಿ, ಸುಮಾರು 34 ಡಿಗ್ರಿ ಬರುತ್ತದೆ. ಇದಕ್ಕೆ ಒಣ ಈಸ್ಟ್ ಸಾಯುವುದಿಲ್ಲ, ಆದರೆ ಬಿಯರಿನ ರುಚಿಗೆ ಇದು ಬಹಳ ಜಾಸ್ತಿ. ಮೊದಲ ಸಲ ಅವನು ಬರೀ ಪಾಕದ ಬಿಸಿ ನೀರಿಗೇ, ತಣ್ಣೀರು ಸೇರಿಸುವ ಮುಂಚೆಯೇ, ಪೊಟ್ಟಣ ಹರಿದು ಹಾಕಿದ್ದ. ಅದು ಸತ್ತೇ ಹೋಗಿತ್ತು ಬಿಡಿ. ಅದೇ 20 ಲೀಟರ್ ನೀರನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು 10 ಡಿಗ್ರಿಗೆ ತಂದಿದ್ದರೆ ಡ್ರಮ್ 21ಕ್ಕೆ ಬಂದು ನಿಲ್ಲುತ್ತಿತ್ತು.

ಈಸ್ಟ್ ಬದುಕಿದೆಯೋ ಇಲ್ಲವೋ ನೋಡಲು ಲ್ಯಾಬಿನಲ್ಲಿ ನಾವು ಮೆಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇವೆ, ಸತ್ತ ಕಣ ನೀಲಿ ಆಗುತ್ತದೆ. ಮನೆಯಲ್ಲಿ ಅಷ್ಟೆಲ್ಲ ಬೇಡ. ಕುದಿಸಿ ಆರಿಸಿದ ಅರ್ಧ ಲೋಟ ನೀರು 30ರಿಂದ 35 ಡಿಗ್ರಿ ಇರುವಾಗ ಚಿಟಿಕೆ ಸಕ್ಕರೆ ಹಾಕಿ ಮೇಲೆ ಈಸ್ಟ್ ಉದುರಿಸಿ. ಅರ್ಧ ಗಂಟೆಯೊಳಗೆ ಕೆನೆಯಂತೆ ನೊರೆ ಕಟ್ಟಿದರೆ ಜೀವ ಇದೆ, ಅದನ್ನೇ ಡ್ರಮ್ಮಿಗೆ ಹಾಕಿ. ಇಲ್ಲದಿದ್ದರೆ ಹೊಸ ಪೊಟ್ಟಣ ತನ್ನಿ. ಕಿಟ್ ಜೊತೆ ಬರುವುದು ಬಹಳ ಸಲ 5ರಿಂದ 7 ಗ್ರಾಂ ಅಷ್ಟೇ, ಬಿಡಿಯಾಗಿ ಸಿಗುವ 11 ಗ್ರಾಮಿನದು ಕೊಂಡರೆ ನೆಮ್ಮದಿ.

"1.020ಕ್ಕ ನಿಂತಬಿಟ್ಟೈತ್ರಿ"

ಎಕ್ಸ್‌ಟ್ರ್ಯಾಕ್ಟ್ ಬಳಸುವವರಿಗೆ ಈ 1.020 ಒಂದು ಪೀಡೆ. ಹೈಡ್ರೋಮೀಟರಿನಲ್ಲಿ ಬರೀ ನೀರು ಅಂದರೆ 1.000, ಸಕ್ಕರೆ ಇದ್ದಷ್ಟೂ ಅಂಕಿ ಮೇಲೆ, ಈಸ್ಟ್ ತಿಂದಷ್ಟೂ ಕೆಳಗೆ. ಒಂದು ಡಬ್ಬಿ ಕಿಟ್, ಒಂದು ಕಿಲೋ ಸಕ್ಕರೆ, 23 ಲೀಟರ್ ಅಂದರೆ ಶುರುವಿನಲ್ಲಿ 1.039ರ ಆಸುಪಾಸು ಇರಬೇಕು, ಕೊನೆಗೆ 1.005ರಿಂದ 1.010ಕ್ಕೆ ಇಳಿಯಬೇಕು. ಸಕ್ಕರೆ ಬದಲು ಎರಡನೇ ಮಾಲ್ಟ್ ಡಬ್ಬಿ ಹಾಕಿದ್ದರೆ 1.014ಕ್ಕೆ ನಿಂತರೂ ಅದು ದೋಷ ಅಲ್ಲ, ಮಾಲ್ಟಿನಲ್ಲಿ ಈಸ್ಟ್ ತಿನ್ನಲಾರದ ಸಕ್ಕರೆ ಜಾಸ್ತಿ.

ನಿಂತಿದೆ ಅಂದವರಿಗೆ ನನ್ನ ಮೊದಲ ಪ್ರಶ್ನೆ: ಯಾವುದರಲ್ಲಿ ಅಳೆದದ್ದು?

ನಮ್ಮ ಕಡೆ ಕಬ್ಬು ಬೆಳೆಯುವ ಮನೆಗಳಿಗೆ ಕೈ ರಿಫ್ರಾಕ್ಟೋಮೀಟರ್ ಹೊಸದಲ್ಲ. ಕಬ್ಬಿನ ಎರಡು ಹನಿ ರಸ ಗಾಜಿನ ಮೇಲೆ ಬಿಟ್ಟು, ಬೆಳಕಿನ ಕಡೆ ಹಿಡಿದು ಬ್ರಿಕ್ಸ್, ಅಂದರೆ ನೂರಕ್ಕೆ ಎಷ್ಟು ಸಕ್ಕರೆ ಅಂತ, ನೋಡುವುದು. ಗೋಕಾಕದ ಹುಡುಗ ಅಪ್ಪನ ಹತ್ತಿರ ಇದ್ದ ಒಂದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ಹೋಗಿದ್ದಾನೆ. ಶುರುವಿನಲ್ಲಿ ಅದು 10 ಬ್ರಿಕ್ಸ್ ತೋರಿಸಿತು, ಅಂದರೆ ಸುಮಾರು 1.040, ಸರಿಯಾಗೇ ಇದೆ. ಹತ್ತು ದಿನದ ಮೇಲೆ 5ಕ್ಕೆ ನಿಂತಿತು. ಪಟ್ಟಿಯಲ್ಲಿ 5 ಬ್ರಿಕ್ಸ್ ಅಂದರೆ 1.020. ಹುಡುಗ ಕಂಗಾಲು.

ಆದರೆ ಆ ಉಪಕರಣ ಅಳೆಯುವುದು ಬೆಳಕು ಎಷ್ಟು ಬಾಗುತ್ತದೆ ಅನ್ನುವುದನ್ನು. ಕಬ್ಬಿನ ರಸದಲ್ಲಿ ಬರೀ ಸಕ್ಕರೆ-ನೀರು, ಅದಕ್ಕೆ ಸರಿಹೋಗುತ್ತದೆ. ಬಿಯರಿನಲ್ಲಿ ಆಲ್ಕೋಹಾಲ್ ಬಂದಾಗ ಅದೂ ಬೆಳಕನ್ನು ನೀರಿಗಿಂತ ಜಾಸ್ತಿ ಬಾಗಿಸುತ್ತದೆ, ಸಕ್ಕರೆ ಇನ್ನೂ ಉಳಿದಿರುವಂತೆ ತೋರುತ್ತದೆ. 10ರಿಂದ ಶುರುವಾಗಿ 5 ತೋರಿಸಿದರೆ ನಿಜವಾದ ಸಾಂದ್ರತೆ 1.009ರ ಹತ್ತಿರ. ಅವನ ಬಿಯರ್ ಆಗಿ ಮುಗಿದಿತ್ತು. ಈಸ್ಟ್ ಹಾಕುವ ಮುಂಚೆ ಮಾತ್ರ ಅದನ್ನು ಬಳಸಿ, ಆಮೇಲೆ ತೇಲುವ ಹೈಡ್ರೋಮೀಟರೇ ಗತಿ.

ಹೈಡ್ರೋಮೀಟರ್ ಕೂಡ ಸುಳ್ಳು ಹೇಳುವುದುಂಟು. ಗ್ಯಾಸ್ ತುಂಬಿದ ಸ್ಯಾಂಪಲ್‌ನಲ್ಲಿ ಗುಳ್ಳೆಗಳು ಅದಕ್ಕೆ ಅಂಟಿಕೊಂಡು ಮೇಲೆತ್ತುತ್ತವೆ. ಸ್ಯಾಂಪಲನ್ನು ಎರಡು ಲೋಟಗಳ ಮಧ್ಯೆ ಹಿಂದೆ ಮುಂದೆ ಹೊಯ್ದು ಗ್ಯಾಸ್ ಬಿಡಿಸಿ ಅಳೆಯಿರಿ, ಆ ಸ್ಯಾಂಪಲ್ ಮತ್ತೆ ಡ್ರಮ್ಮಿಗೆ ಸುರಿಯಬೇಡಿ. ಬಹುತೇಕ ಹೈಡ್ರೋಮೀಟರ್ 20 ಡಿಗ್ರಿಗೆ ಲೆಕ್ಕ ಮಾಡಿದ್ದಾಗಿರುತ್ತದೆ. 30 ಡಿಗ್ರಿಯ ಬಿಯರಿನಲ್ಲಿ 0.002ರಿಂದ 0.003 ಕಡಿಮೆ ತೋರಿಸುತ್ತದೆ. ಒಳಗಿನ ಕಾಗದದ ಪಟ್ಟಿ ಜಾರಿದ್ದರೆ ಇನ್ನೂ ಕಷ್ಟ. 20 ಡಿಗ್ರಿಯ ಬರೀ ನೀರಿನಲ್ಲಿ 1.000 ತೋರಿಸುತ್ತದಾ ಒಮ್ಮೆ ನೋಡಿಬಿಡಿ.

ಮೊದಲ ದಿನದ ಅಳತೆಗೂ ಇದೇ ಎಚ್ಚರ ಬೇಕು. ಪಾಕ ಭಾರ, ತಳಕ್ಕೆ ಕೂರುತ್ತದೆ. ಸರಿಯಾಗಿ ಕಲಕದೆ ಕೆಳಗಿನ ನಲ್ಲಿಯಿಂದ ತೆಗೆದರೆ 1.060 ಅಂದೀತು, ಮೇಲಿಂದ ತೆಗೆದರೆ 1.020. ಡಬ್ಬಿ ಅದೇ, ಸಕ್ಕರೆ ಅದೇ, ಲೀಟರ್ ಅದೇ ಅಂದರೆ ಲೆಕ್ಕದ 1.039ನ್ನೇ ನಂಬಿ.

ಇಷ್ಟೆಲ್ಲ ಆದ ಮೇಲೂ ನಿಜವಾಗಿ 1.020 ಅಂದರೆ, ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ. ನಿಧಾನವಾಗಿ ಇಳಿಯುತ್ತಿದ್ದರೆ ಅದರ ಪಾಡಿಗೆ ಬಿಡಿ. ಜಮಖಂಡಿಯ ಹುಡುಗಿಯದು ನಿಜವಾಗೇ ನಿಂತಿತ್ತು. ಲೀಡ್ಸ್‌ನ ಚಳಿ, ಡ್ರಮ್ ಅಡುಗೆಮನೆಯ ಕಲ್ಲು ನೆಲದ ಮೇಲೆ, ರಾತ್ರಿ ಹೀಟರ್ ಬಂದ್. "ನೆಲ ಮುಟ್ಟಿ ನೋಡು ತಂಗೀ" ಅಂದೆ. "ಬರ್ಫ್ ಆಗೇತ್ರಿ ಕಾಕಾ" ಅಂದಳು. ಡ್ರಮ್ಮನ್ನು ಹಲಗೆಯ ಮೇಲೆ ಎತ್ತಿಟ್ಟು, ಕಂಬಳಿ ಸುತ್ತಿ, ಬೆಚ್ಚಗಿನ ಕೋಣೆಗೆ ತಂದು, ಮುಚ್ಚಳ ತೆಗೆಯದೆ ಮೆಲ್ಲಗೆ ಅಲುಗಾಡಿಸಿ ತಳದ ಈಸ್ಟ್ ಎಬ್ಬಿಸಿದಳು. ಕೆಲವೇ ದಿನದಲ್ಲಿ ಇಳಿಯಿತು. ಇದಕ್ಕೂ ಬಗ್ಗದಿದ್ದರೆ ಲೋಟದಲ್ಲಿ ನೊರೆ ಎಬ್ಬಿಸಿದ ಹೊಸ ಈಸ್ಟ್ ಹಾಕಬಹುದು. ಸಕ್ಕರೆ ಮಾತ್ರ ಬೇಡ. ಇರುವುದನ್ನೇ ತಿನ್ನದ ಈಸ್ಟಿಗೆ ಇನ್ನಷ್ಟು ಬಡಿಸಿ ಏನು ಲಾಭ?

ಡ್ರಮ್ ಬಿಸಿಯಾದರೆ

ಕಾರ್ಖಾನೆಯಲ್ಲಿ ನಾವು ಕಾಕಂಬಿಯನ್ನು 32-33 ಡಿಗ್ರಿಯಲ್ಲಿ ಹುದುಗಿಸುತ್ತೇವೆ. ಬೇಗ ಆಗುತ್ತದೆ. ರುಚಿ ಹೇಗಿದ್ದರೇನು, ಮುಂದೆ ಭಟ್ಟಿ ಇಳಿಸಿ ಸ್ಪಿರಿಟ್ ಬೇರೆ ಮಾಡುವುದೇ ಅಲ್ವಾ. ಬಿಯರಿಗೆ ಆ ದಾರಿ ಇಲ್ಲ. ಈಸ್ಟ್ ಏನು ಬಿಟ್ಟಿತೋ ಅದನ್ನೇ ಕುಡಿಯಬೇಕು. ಬಿಸಿ ಜಾಸ್ತಿ ಆದರೆ ಬಾಳೆಹಣ್ಣು, ಪೇರ್ ವಾಸನೆಯ ಎಸ್ಟರ್‌ಗಳೂ, ಗಂಟಲು ಸುಡುವ ಭಾರದ ಆಲ್ಕೋಹಾಲ್‌ಗಳೂ ಜಾಸ್ತಿ. ಏಲ್ ಈಸ್ಟಿಗೆ (ಬೆಚ್ಚಗೆ ಹುದುಗುವ ಬಗೆ) 18ರಿಂದ 22 ಡಿಗ್ರಿ ಒಳ್ಳೆಯದು. ಕೆಲವು ಕಿಟ್ಟಿನ ಕಾಗದದಲ್ಲಿ 27ರವರೆಗೂ ಆಗುತ್ತದೆ ಅಂತ ಬರೆದಿರುತ್ತದೆ. ಆಗುತ್ತದೆ ನಿಜ, ಚೆನ್ನಾಗಿ ಆಗುವುದಿಲ್ಲ.

ಕೋಣೆಯ ಥರ್ಮಾಮೀಟರ್ ನೋಡಿ ಸಮಾಧಾನ ಪಡಬೇಡಿ. ಹುದುಗುವಾಗ ಈಸ್ಟ್ ತಾನೇ ಶಾಖ ಬಿಡುತ್ತದೆ, ಜೋರಿನ ದಿನಗಳಲ್ಲಿ ಡ್ರಮ್ಮಿನ ಒಳಗೆ ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ ಇರುತ್ತದೆ. ಅಂಟಿಸುವ ಪಟ್ಟಿ ಥರ್ಮಾಮೀಟರನ್ನು ಡ್ರಮ್ಮಿನ ಮೈಗೇ ಹಚ್ಚಿ. ಮೊದಲ ಮೂರು ದಿನ ತಂಪಾಗಿಟ್ಟರೆ ಮುಕ್ಕಾಲು ಕೆಲಸ ಆದ ಹಾಗೆ, ಬೇಡದ ರುಚಿಗಳು ಹುಟ್ಟುವುದು ಹೆಚ್ಚಾಗಿ ಆಗಲೇ.

ಡ್ರಮ್ಮನ್ನು ನೀರಿನ ತೊಟ್ಟಿಯಲ್ಲಿಟ್ಟು, ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ನೀರಿನ ಬಾಟಲಿಗಳನ್ನು ಬೆಳಗ್ಗೆ ಸಂಜೆ ಬದಲಾಯಿಸಿ. ಒದ್ದೆ ಬಟ್ಟೆ ಸುತ್ತುವುದೂ ಉಂಟು. ವಿಜಯಪುರದ ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಂಪಾಗುವ ಹಾಗೆಯೇ ಅದು, ಗಾಳಿ ಒಣಗಿದ್ದರೆ ಮಾತ್ರ ಫಲ. ಪರ್ತ್‌ನಲ್ಲಿ ನಡೆಯುತ್ತದೆ, ತೇವದ ಆಕ್ಲೆಂಡ್‌ನಲ್ಲಿ ಅಷ್ಟಕ್ಕಷ್ಟೇ.

ವಾಸನೆ, ರುಚಿ

ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ಬಂದರೆ ನೀರಿನ ಕ್ಲೋರಿನ್ ಕಡೆ ನೋಡಿ, ಇಲ್ಲವೇ ಬ್ಲೀಚ್ ಹಾಕಿ ತೊಳೆದು ಸರಿಯಾಗಿ ಜಾಲಿಸದ ಡ್ರಮ್ ಕಡೆ. ಬಂದ ಮೇಲೆ ಅದು ಹೋಗುವುದಿಲ್ಲ. ಮುಂದಿನ ಸಲ 23 ಲೀಟರ್ ನೀರಿಗೆ ಅರ್ಧ ಕ್ಯಾಂಪ್‌ಡನ್ ಮಾತ್ರೆ (ಕ್ಲೋರಿನ್ ತೆಗೆಯುವ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿ. ಕೆಲವು ಊರುಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೀನ್ ಹಾಕುತ್ತಾರೆ. ಅದು ರಾತ್ರಿಯಿಡೀ ನೀರು ತೆರೆದಿಟ್ಟರೂ ಹೋಗದು, ಮಾತ್ರೆಗೆ ಹೋಗುತ್ತದೆ.

ಹಸಿ ಸೇಬಿನ ವಾಸನೆ ಇದ್ದರೆ ಬಿಯರ್ ಇನ್ನೂ ಎಳೆಯದು, ಬೆಣ್ಣೆಯ ವಾಸನೆ ಇದ್ದರೂ ಅಷ್ಟೇ. ಈಸ್ಟಿನ ಮೇಲೆ ಇನ್ನೂ ಕೆಲವು ದಿನ ಬೆಚ್ಚಗೆ ಬಿಡಿ. ಕೊಳೆತ ಮೊಟ್ಟೆಯ ವಾಸನೆ ತಂಪಿನಲ್ಲಿ ಹುದುಗುವ ಲಾಗರ್ ಈಸ್ಟಿನಲ್ಲಿ ಸಾಮಾನ್ಯ, ತಾನೇ ಹೋಗುತ್ತದೆ. ಒದ್ದೆ ರಟ್ಟಿನ ರುಚಿ ಬಂದರೆ ಬಾಟಲಿಗೆ ತುಂಬುವಾಗ ಗಾಳಿ ಸೇರಿದೆ. ಪೈಪನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ ತುಂಬಿ, ಮೇಲಿಂದ ಸುರಿಯಬೇಡಿ. ಬಿಳಿ ಅಥವಾ ಹಸಿರು ಬಾಟಲಿಯನ್ನು ಬಿಸಿಲಿಗಿಟ್ಟರೆ ಹಾಪ್ಸ್ ಕೆಟ್ಟು ಗಬ್ಬು ವಾಸನೆ ಬರುತ್ತದೆ, ಕಂದು ಬಾಟಲಿ ಕತ್ತಲಲ್ಲಿಡಿ.

ಹುಳಿ, ವಿನೆಗರ್ ಮೂಗಿಗೆ ಹೊಡೆದರೆ, ಮೇಲೆ ಬಿಳಿ ಪೊರೆ ಸುಕ್ಕುಗಟ್ಟಿ ಕೂತಿದ್ದರೆ, ಅದು ಬೇರೆ ಜೀವಿಗಳ ಕೆಲಸ. ಆದರೆ ಕಂದು ನೊರೆ, ತೇಲುವ ಕೆನೆ ಬಣ್ಣದ ಈಸ್ಟ್ ತುಂಡು, ತಳದ ಗಸಿ ನೋಡಿ ಹೆದರಬೇಡಿ, ಇವು ಇರಲೇಬೇಕಾದವು.

ಇನ್ನೊಂದು, ಕಿಟ್ಟಿನವರಿಗೇ ಮೀಸಲಾದ ದೂರು. ಎಷ್ಟೇ ಶುದ್ಧವಾಗಿ ಮಾಡಿದರೂ ಒಂಥರಾ ಶಾಯಿಯ, ಕಾದ ಪಾಕದ ಒಗರು. ಇದು ಬಹಳ ಸಲ ಡಬ್ಬಿಯ ವಯಸ್ಸು. ದ್ರವ ಎಕ್ಸ್‌ಟ್ರ್ಯಾಕ್ಟ್ ಇಟ್ಟಷ್ಟೂ ಕಪ್ಪಾಗುತ್ತದೆ, ಬಿಸಿಯಲ್ಲಿಟ್ಟರೆ ಬೇಗ. ತಿಳಿ ಬಿಯರಿನ ಚಿತ್ರ ಇರುವ ಡಬ್ಬಿಯೊಳಗೆ ಬೆಲ್ಲದ ಪಾಕದ ಬಣ್ಣ ಕಂಡರೆ ಅಲ್ಲೇ ತಿಳಿದುಕೊಳ್ಳಿ. ರಿಯಾಯಿತಿಗೆ ಸಿಕ್ಕಿತು ಅಂತ ತಂದ ಡಬ್ಬಿಯ ಮುಚ್ಚಳದ ಕೆಳಗಿನ ಈಸ್ಟೂ ಅಷ್ಟೇ ಹಳೆಯದು. ಡಬ್ಬಿ ಉಬ್ಬಿದ್ದರೆ ತೆರೆಯಲೇಬೇಡಿ. ಸಕ್ಕರೆಯ ಬದಲು ಒಂದು ಕಿಲೋ ಒಣ ಮಾಲ್ಟ್ ಪುಡಿ ಹಾಕಿದರೆ ರುಚಿ ಎಷ್ಟೋ ಮೇಲು, ಪುಡಿ ಬೇಗ ಹಳಸುವುದೂ ಇಲ್ಲ.

ಬಾಟಲಿಯ ಕಷ್ಟಗಳು

ಗ್ಯಾಸೇ ಇಲ್ಲ ಅಂದರೆ ಮೊದಲು ಎಲ್ಲಿ ಇಟ್ಟಿದ್ದೀರಿ ಹೇಳಿ. ತುಂಬಿದ ಮೇಲೆ ಎರಡು ವಾರ 20 ಡಿಗ್ರಿಯ ಹತ್ತಿರ ಇರಬೇಕು. ನೇರವಾಗಿ ಫ್ರಿಜ್ಜಿಗಿಟ್ಟರೆ ಈಸ್ಟ್ ಮಲಗಿಬಿಡುತ್ತದೆ. ಹೊರಗೆ ತೆಗೆದು ಮೆಲ್ಲಗೆ ತಲೆಕೆಳಗು ಮಾಡಿ ಬೆಚ್ಚಗಿಡಿ.

ಗ್ಯಾಸ್ ಜಾಸ್ತಿ ಆಗುವುದು ತಮಾಷೆಯ ಮಾತಲ್ಲ, ಗಾಜಿನ ಬಾಟಲಿ ಒಡೆದು ಚೂರು ಹಾರುತ್ತದೆ. ಲೆಕ್ಕ ನೋಡಿ. ಬಾಟಲಿಗೆ ತುಂಬುವಾಗ ಗ್ಯಾಸಿಗೆಂದು ಹಾಕುವ ಸಕ್ಕರೆ 23 ಲೀಟರಿಗೆ 150 ಗ್ರಾಂ ಸಾಕು, ಹದವಾದ ನೊರೆ ಬರುತ್ತದೆ. 1.020ರಲ್ಲಿ ಆತುರಪಟ್ಟು ತುಂಬಿದ್ದು ಬಾಟಲಿಯೊಳಗೆ 1.010ಕ್ಕೆ ಇಳಿದರೆ, ಆ 150 ಗ್ರಾಂ ಕೊಡುವ ಗ್ಯಾಸಿನ ಮೂರು ಪಟ್ಟು ಗ್ಯಾಸ್ ಅದರ ಮೇಲೆ ಸೇರುತ್ತದೆ. ಅದಕ್ಕೇ ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು, ಎರಡೂ ಒಂದೇ ಬಂದ ಮೇಲೆ ಮಾತ್ರ ತುಂಬಿ. ಆಗಲೇ ತುಂಬಿಯಾಗಿದ್ದರೆ, ಒಂದು ಒಡೆದರೆ, ಉಳಿದವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್, ಬಾಟಲಿಯ ಮೇಲೆ ದಪ್ಪ ಟವೆಲ್. ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ತಣ್ಣಗಾದ ಮೇಲೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ. ಹೊಸಬರು ಪ್ಲಾಸ್ಟಿಕ್ ಬಾಟಲಿಯಲ್ಲೇ ಶುರು ಮಾಡುವುದು ವಾಸಿ, ಹಿಸುಕಿ ನೋಡಿದರೆ ಒಳಗಿನ ಒತ್ತಡ ಗೊತ್ತಾಗುತ್ತದೆ.

ಅಳತೆ ಎಲ್ಲ ಸರಿ ಇದ್ದೂ ಕೆಲವು ಬಾಟಲಿ ಉಕ್ಕಿದರೆ ಎಣಿಸಿ. ಒಂದೋ ಎರಡೋ ಉಕ್ಕಿದರೆ ಆ ಬಾಟಲಿ ಕೊಳೆ. ಎಲ್ಲವೂ ಉಕ್ಕಿ, ತೆಳ್ಳಗೆ ಹುಳಿಯಾಗಿದ್ದರೆ ಕೊಳೆ ಡ್ರಮ್ಮಿನಲ್ಲಿದೆ, ಇಲ್ಲವೇ ಎಲ್ಲ ಬಾಟಲಿಗೂ ಹಾದು ಬಂದ ದಾರಿಯಲ್ಲಿದೆ. ಆಕ್ಲೆಂಡಿನ ಹುಡುಗನದು ಎರಡನೆಯ ಜಾತಿ. ಡ್ರಮ್ ಹೊಸದು, ಪೈಪ್ ಹೊಸದು, ಸ್ಯಾನಿಟೈಸರ್ ಸರಿಯಾಗೇ ಹಾಕಿದ್ದ. "ನಲ್ಲಿ ಬಿಚ್ಚಿದ್ಯಾ?" ಅಂದೆ. "ಅದು ಬಿಚ್ಚಾಕ ಬರ್ತೈತೇನ್ರಿ ಕಾಕಾ?" ಅಂದ. ವಿಡಿಯೊದಲ್ಲೇ ಬಿಚ್ಚಿಸಿದೆ. ಬಿಸಿ ನೀರಿನಲ್ಲಿ ಎರಡು ನಿಮಿಷ ಇಟ್ಟು, ತಿರುಗುವ ಒಳಭಾಗವನ್ನು ಹಿಂದಿನಿಂದ ಒತ್ತಿದಾಗ ಹೊರಗೆ ಬಂತು. ಅದರ ಸುತ್ತ ಕಂದು ಗೋಂದು, ಕೆಳಗೆ ಒಣಗಿದ ಗಸಿಯ ಪದರ, ಮೂಗಿಗೆ ಹಿಡಿದರೆ ಹುಳಿ. ನಲ್ಲಿ ಮುಚ್ಚಿದ್ದಾಗ ಸ್ಯಾನಿಟೈಸರ್ ಆ ಸಂದಿಗೆ ಹೋಗುವುದೇ ಇಲ್ಲ.

ಸ್ಯಾನಿಟೈಸರ್ ಕೊಳೆ ತೆಗೆಯುವ ಔಷಧಿಯೂ ಅಲ್ಲ. ಮೊದಲು ಸೋಡಿಯಂ ಪರ್ಕಾರ್ಬೊನೇಟ್ ಹಾಕಿದ ಬಿಸಿ ನೀರಿನಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಆಮೇಲೆ ಸ್ಯಾನಿಟೈಸರ್. ಡ್ರಮ್ಮಿನ ಒಳಗೆ ತಂತಿ ಬ್ರಷ್ ಬೇಡ, ಗೀರು ಬಿದ್ದರೆ ಕೊಳೆಗೆ ಮನೆ ಮಾಡಿಕೊಟ್ಟ ಹಾಗೆ. ಪ್ರತಿ ಸಲ ತುಂಬಿದ ಮೇಲೆ ಅವತ್ತೇ ನಲ್ಲಿ ಬಿಚ್ಚಿ ತೊಳೆದಿಡಿ, ಒಣಗಿದ ಮೇಲೆ ಬಿಡಿಸುವುದು ಸಾಕಾಗಿಹೋಗುತ್ತದೆ. ಬಿಚ್ಚಲು ಬಾರದ ಮಾದರಿಯಾಗಿದ್ದರೆ ಬಿಸಾಕಿ ಹೊಸದು ಹಾಕಿ, ಒಂದು ಡಬ್ಬಿ ಕಿಟ್ಟಿಗಿಂತ ಅದು ಬಹಳ ಅಗ್ಗ.